ಬೆಳಗಿನ ಬಿಳಿ ಹೊಗೆ

ಡೀಸೆಲ್ ಗಾಡಿ ಬೆಳಿಗ್ಗೆ ಹೊರಡಲು ಹಟ ಮಾಡಿದರೆ ಮೊದಲು ಹೊಗೆಯ ಬಣ್ಣ ನೋಡಬೇಕು. ಕಪ್ಪಾಗಿದ್ದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾಗಿದ್ದರೆ ಡೀಸೆಲ್ ಉರಿಯದೆ ಹಾಗೆಯೇ ಹೊರಬರುತ್ತಿದೆ, ಇಲ್ಲವೇ ಒಳಗೆಲ್ಲೋ ನೀರು ಸೇರಿದೆ. ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು ನಾನು. ಚಿಮಣಿ ನೋಡಿ ಒಲೆಯ ಹೊಟ್ಟೆಯೊಳಗಿನ ಸಂಗತಿ ಹೇಳುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಅಣ್ಣನ ಗಾಡಿ ಬಿಳಿ ಹೊಗೆ ಉಗುಳಿದಾಗ ನಾನು ಹೆದರಲಿಲ್ಲ. ಹೆದರಿದ್ದು ಆಮೇಲೆ.

ಅಣ್ಣ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಹೋಟೆಲಿನ ಕೆಲಸಕ್ಕೆಂದು ಠಾಣೆ ಪಟ್ಟಣಕ್ಕೆ ಹೊರಟವನಿಗೆ ಮುಂಬ್ರಾ ಬೈಪಾಸಿನಲ್ಲಿ ಎದೆನೋವು ಬಂದಿತ್ತು. ಗಾಡಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಸ್ಟಿಯರಿಂಗಿಗೆ ತಲೆ ಆನಿಸಿದ್ದ. ಹಿಂದಿನಿಂದ ಬಂದ ಟ್ರಕ್ಕಿನವರು ನೋಡಿದಾಗ ಎಂಜಿನ್ ಇನ್ನೂ ಓಡುತ್ತಿತ್ತಂತೆ. ಪ್ರಾಣ ಹೋಗುವಾಗ ಮನೆಯವರು ಬಾಯಿಗೆ ತುಳಸಿ ನೀರು ಬಿಡುವುದು ನಮ್ಮ ಕಡೆಯ ಪದ್ಧತಿ. ಅವನಿಗೆ ಅದು ಸಿಗಲಿಲ್ಲ. ಅತ್ತಿಗೆ ಮತ್ತೆ ಮತ್ತೆ ಹೇಳಿಕೊಂಡು ಅತ್ತದ್ದು ಅದೊಂದನ್ನೇ.

ಅತ್ತಿಗೆಗೆ ಕಿಡ್ನಿಯ ತೊಂದರೆ. ದಿನ ಬಿಟ್ಟು ದಿನ ಬೆಳಿಗ್ಗೆ ಠಾಣೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು, ತಪ್ಪಿದರೆ ಮುಖ ಊದಿ ಉಸಿರು ಕಟ್ಟುತ್ತಿತ್ತು. ಕುಡಿಯುವ ನೀರಿಗೂ ಡಾಕ್ಟರು ಅಳತೆ ಹಾಕಿದ್ದರು. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಅದೇ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿದ್ದ ನಾನೇ ಅಣ್ಣನ ಗಾಡಿಯಲ್ಲಿ ಅವರನ್ನು ಕರೆದೊಯ್ಯುತ್ತಿದ್ದೆ. ಸ್ನಾನ, ಜಪ, ಒಂದು ಲೋಟ ಕಷಾಯ, ಆಮೇಲೆ ಕೆಳಗೆ ಪಾರ್ಕಿಂಗಿಗೆ. ನನ್ನ ಹೆಜ್ಜೆ ಸದ್ದು ಕೇಳಿ ವಾಚ್‌ಮನ್ ನೀರಿನ ಮೋಟರು ಹಾಕುತ್ತಿದ್ದ.

ಚಳಿ ಶುರುವಾದ ಮೇಲೆ ತೊಂದರೆ ಕಾಣಿಸಿತು. ಕೀ ತಿರುಗಿಸಿದರೆ ಎಂಜಿನ್ ಸುತ್ತುತ್ತದೆ, ಕೆಮ್ಮುತ್ತದೆ, ಹಿಡಿಯುವುದಿಲ್ಲ. ಕಂಬಗಳ ನಡುವೆ ಬಿಳಿ ಹೊಗೆ ತುಂಬಿ ಎದುರಿನ ಗೋಡೆಯೇ ಮಾಯವಾಗುತ್ತಿತ್ತು. ಅತ್ತಿಗೆ ಆ ಹೊಗೆಯೊಳಗೇ ಅಲ್ಲಾಡದೆ ನಿಂತಿರುತ್ತಿದ್ದರು.

"ಇದು ನಿನ್ನ ಬಾಯ್ಲರ್ ಅಲ್ಲ ಮಾರಾಯ, ಬೈದರೆ ಹೊರಡ್ಲಿಕ್ಕೆ" ಎಂದು ನಗುತ್ತಿದ್ದರು. ಟ್ಯಾಕ್ಸಿ ಕರೆಯುತ್ತೇನೆ ಎಂದರೆ, "ಬೇಡ, ಇವತ್ತು ಬಿಡು" ಎಂದು ಲಿಫ್ಟಿನತ್ತ ಹೊರಟೇಬಿಡುತ್ತಿದ್ದರು. ಒತ್ತಾಯ ಮಾಡಿ ಕರೆದೊಯ್ದರೂ ತಡವಾಗಿ, ಸರದಿ ಇನ್ನೊಬ್ಬರಿಗೆ ಹೋಗಿರುತ್ತಿತ್ತು.

ನಾನು ಕ್ರಮವಾಗಿ ಹುಡುಕಿದೆ. ಬ್ಯಾಟರಿ ಸರಿ. ಎಂಜಿನ್ನನ್ನು ಮೊದಲು ಬಿಸಿ ಮಾಡುವ ಗ್ಲೋ ಪ್ಲಗ್‌ಗಳನ್ನು ಬಿಚ್ಚಿಸಿ ಹೊಸದು ಹಾಕಿಸಿದೆ. ಎಂಜಿನ್ ತಣ್ಣಗಿಡುವ ಕೂಲಂಟ್ ಒಂದು ಹನಿಯೂ ಇಳಿದಿರಲಿಲ್ಲ. ಕೊನೆಗೆ ಮೆಕ್ಯಾನಿಕ್ ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಬಾಟಲಿಗೆ ಹಿಡಿದ. ಮೇಲೆ ಡೀಸೆಲ್, ಅಡಿಯಲ್ಲಿ ನೀರು.

"ಕಾಕಾ, ಟಾಕಿ ಮೇ ಪಾನಿ ಹೈ. ಪಂಪ್ ಬದಲೋ" ಎಂದ.

ಟ್ಯಾಂಕಿನಲ್ಲಿ ನೀರಿದ್ದರೆ ಅದು ಪಂಪಿನಿಂದಲೇ ಬಂದಿರಬೇಕೆಂದು, ಡೀಸೆಲ್ ಹಾಕಿಸುವ ಪಂಪ್ ಬದಲಿಸಿದೆ. ಫಿಲ್ಟರಿನ ನೀರು ತೆಗೆದಾಗ ಗಾಡಿ ಸರಿಹೋಗುತ್ತಿತ್ತು, ತರಕಾರಿಗೆಂದು ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿಬರುವಾಗ ಒಮ್ಮೆಯೂ ಕೆಮ್ಮಲಿಲ್ಲ. ಆಸ್ಪತ್ರೆಯ ದಿನ ಬಂದರೆ ಮತ್ತೆ ಅದೇ ಹೊಗೆ. ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ನಾನು ಗಿಡ್ಡ, ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂರುವವನು. ಆ ಬೆಳಿಗ್ಗೆಗಳಲ್ಲಿ ಬಾಗಿಲು ತೆಗೆದರೆ ಸೀಟು ಹಿಂದಕ್ಕೆ ಹೋಗಿರುತ್ತಿತ್ತು, ಅಣ್ಣನ ಉದ್ದನೆಯ ಕಾಲಿಗೆ ಸರಿಯಾಗಿ.

ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಫಿಲ್ಟರಿನಲ್ಲಿ ನೀರಿದೆಯೇ ನೋಡೋಣವೆಂದು ಒಂದು ಆಸ್ಪತ್ರೆಯ ದಿನ ಕಷಾಯ ಬಿಟ್ಟು ಮುಂಚೆಯೇ ಇಳಿದೆ. ಕತ್ತಲು ಪೂರ್ತಿ ಹರಿದಿರಲಿಲ್ಲ. ಪಾರ್ಕಿಂಗಿನ ಆ ಮೂಲೆಯಲ್ಲಿ ಯಾರೋ ಮೆಲ್ಲನೆ ಮಾತಾಡುತ್ತಿದ್ದರು. ಒಂದು ಮಾತು, ಆಮೇಲೆ ಮೌನ, ಉತ್ತರ ಕೇಳಿಸಿಕೊಂಡ ಹಾಗೆ. ಮತ್ತೆ ಒಂದು ಮಾತು. ಕಂಬ ಬಳಸಿ ನೋಡಿದೆ. ಅತ್ತಿಗೆ! ಚಾಲಕನ ಬಾಗಿಲು ತೆರೆದಿತ್ತು, ಅಣ್ಣನ ಕೀ ಅದರಲ್ಲೇ ನೇತಾಡುತ್ತಿತ್ತು, ಸೀಟು ಹಿಂದಕ್ಕಿತ್ತು. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು, ಎಡಗೈಯಿಂದ ಗಾಡಿಯ ಮೈ ಸವರುತ್ತ, ಬೆಳ್ಳಿ ಲೋಟದಿಂದ ನೀರು ಬಿಡುತ್ತಿದ್ದರು. ಮಲಗಿದವರಿಗೆ ಕುಡಿಸುವ ಹಾಗೆ, ಸ್ವಲ್ಪ ಸ್ವಲ್ಪವೇ.

"ಅತ್ತಿಗೆ, ಏನಿದು?"

ಅವರು ಬೆಚ್ಚಲಿಲ್ಲ. "ಮೆಲ್ಲ ಮಾತಾಡು. ಬಾಯಾರಿದೆ ಅವರಿಗೆ."

"ಎಲ್ಲಿಯ ನೀರು ಇದು?"

"ನನ್ನ ಪಾಲಿದ್ದು. ಡಾಕ್ಟರು ಕೊಟ್ಟ ಅಳತೆಯಲ್ಲಿ ಉಳಿಸಿದ್ದು. ಮನೆಗೆ ಕರೆದು ಎಲೆ ಹಾಕಿ ಬಡಿಸಿದೆ, ಬರಲಿಲ್ಲ. ಇದರಲ್ಲೇ ಹೋದದ್ದು, ಇದರಲ್ಲೇ ಇರುದು."

"ಟ್ಯಾಂಕಿಗೆ ನೀರು ಸೇರಿದರೆ ಗಾಡಿ ಹೊರಡುವುದಿಲ್ಲ. ಗಾಡಿ ಹೊರಡದಿದ್ದರೆ ನಿಮ್ಮ ಗತಿ?"

"ಅದನ್ನೇ ಕೇಳುದು ನಾನು" ಎಂದರು ಅತ್ತಿಗೆ, ಮುಚ್ಚಳ ತಿರುಗಿಸುತ್ತ. "ನೀರು ಕೊಟ್ಟು ಕೇಳ್ತೇನೆ, ನಾನು ಬರ್ಬೇಕಾ, ಇರ್ಬೇಕಾ ಅಂತ. ಗಾಡಿ ಹೊರಟರೆ ಇರು ಅಂತ. ಹೊಗೆ ಬಿಟ್ಟು ನಿಂತರೆ ಬಾ ಅಂತ. ಈಗೀಗ ಬಾ ಅಂತಲೇ ಹೇಳುದು."

ಊರಲ್ಲಿ ದೈವದ ಮುಂದೆ ನಿಂತು ಅಪ್ಪಣೆ ಕೇಳಿ ಬೆಳೆದವರು ನಾವು. ಅಪ್ಪಣೆ ಸುಳ್ಳೆಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ನೀರು ಕೊಟ್ಟವರೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಿದ್ದರು, ಹಾಗೇ ಬಿಟ್ಟರೆ ಅವರು ಮುಂದಿನ ಮಳೆಗಾಲ ಕಾಣುತ್ತಿರಲಿಲ್ಲ. ಆ ದಿನ ಟ್ಯಾಕ್ಸಿಯಲ್ಲಿ ಹೇಗೋ ಕರೆದೊಯ್ದೆ. ಸಂಜೆ ಟ್ಯಾಂಕನ್ನೇ ಇಳಿಸಿ ತೊಳೆಸಿದೆ, ಫಿಲ್ಟರ್ ಹೊಸದು ಹಾಕಿಸಿದೆ. ಆಮೇಲೆ ಅವರ ಮನೆಗೆ ಹೋಗಿ ಹೇಳಿದೆ:

"ಅತ್ತಿಗೆ, ಅಪ್ಪಣೆ ಕೇಳುವುದಾದರೆ ಅವನು ಹೋದ ಜಾಗದಲ್ಲಿ ಕೇಳಬೇಕು. ಇಲ್ಲಿ ಅಲ್ಲ. ನೀರು ನಾನು ಬಿಡುತ್ತೇನೆ, ತಮ್ಮನಲ್ವಾ?"

ಅವರು ಬೆಳ್ಳಿ ಲೋಟ ತಂದು ನನ್ನ ಮುಂದಿಟ್ಟರು. "ಅಲ್ಲಿ ಏನು ಹೇಳಿದ್ರೂ ನೀನು ಒಪ್ಪಬೇಕು."

"ಒಪ್ಪುತ್ತೇನೆ."

ಒಪ್ಪಿದ್ದಕ್ಕೆ ನನಗೆ ನನ್ನದೇ ಲೆಕ್ಕಾಚಾರವಿತ್ತು. ಡೊಂಬಿವಲಿಯಿಂದ ಬೈಪಾಸ್ ತಲುಪುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಟ್ಯಾಂಕಿನಲ್ಲಿ ಹನಿ ನೀರಿಲ್ಲ. ಕಾದ ಡೀಸೆಲ್ ಎಂಜಿನ್ ಕೀ ಮುಟ್ಟಿದರೆ ಸಾಕು, ಹಿಡಿಯುತ್ತದೆ. ಉತ್ತರ ಏನೆಂದು ನನಗೆ ಮೊದಲೇ ಗೊತ್ತಿತ್ತು.

ಮುಂದಿನ ಆಸ್ಪತ್ರೆಯ ದಿನ ಗಾಡಿ ಒಂದೇ ಸಲಕ್ಕೆ ಹೊರಟಿತು, ಹೊಗೆಯಿಲ್ಲ. ಶಿಳ್‌ಫಾಟಾ ದಾಟಿ ಬೈಪಾಸ್ ಏರಿ ಆ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದೆ. ಒಂದು ಬದಿಗೆ ಕಲ್ಲಿನ ಗುಡ್ಡ, ಇನ್ನೊಂದು ಬದಿಗೆ ಕೆಳಗೆ ಮಂಜಿನಲ್ಲಿ ಅರ್ಧ ಮುಳುಗಿದ ಮುಂಬ್ರಾದ ಕಟ್ಟಡಗಳು, ಅದರಾಚೆ ಖಾಡಿಯ ಹಿನ್ನೀರು. ಟ್ರೇಲರುಗಳು ಹಾದುಹೋದಾಗಲೆಲ್ಲ ಗಾಡಿ ನಡುಗುತ್ತಿತ್ತು. ಅತ್ತಿಗೆ ಇಳಿಯಲಿಲ್ಲ. ನಾನು ಇಳಿದು ಮಣ್ಣಿಗೆ ತುಳಸಿ ನೀರು ಬಿಟ್ಟೆ. ಮಣ್ಣು ತಕ್ಷಣ ಹೀರಿಕೊಂಡಿತು.

ಒಳಗೆ ಬಂದು ಕೂತಾಗ ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು, "ಬರ್ಬೇಕಾ, ಇರ್ಬೇಕಾ?"

ಕೀ ತಿರುಗಿಸಿದೆ. ಎಂಜಿನ್ ಸುತ್ತಿತು. ಹಿಡಿಯಲಿಲ್ಲ.

ಆಗ ಹೆದರಿದೆ. ಮತ್ತೆ ತಿರುಗಿಸಿದೆ. ಸುತ್ತಿತು, ಹಿಡಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಗಾಡಿಯ ಹಿಂದೆ ಬಿಳಿ ಹೊಗೆ ನೆಲ ಬಿಟ್ಟು ಮೇಲೇಳುತ್ತಿತ್ತು. ಅತ್ತಿಗೆ ಕಣ್ಣು ತೆರೆಯದೆ, ಬಹಳ ಶಾಂತವಾಗಿ, "ಅವಸರ ಮಾಡ್ಬೇಡ. ಯೋಚನೆ ಮಾಡ್ತಿದ್ದಾರೆ" ಎಂದರು.

ನಾನು ಕೀ ಮೇಲಿಂದ ಕೈ ತೆಗೆದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಯಂತ್ರದ ಮುಂದೆ, "ಅಣ್ಣ, ಇವರು ಇರಲಿ" ಎಂದು ಬಾಯಿಬಿಟ್ಟು ಕೇಳಿಕೊಂಡೆ.

ಮೂರನೆಯ ಸಲ ಹಿಡಿಯಿತು. ಹೊಗೆ ಕರಗಿತು. ಟ್ಯಾಂಕಿನಲ್ಲಿ ನೀರಿರಲಿಲ್ಲ, ಆಮೇಲೆ ನೋಡಿಸಿದಾಗ ಫಿಲ್ಟರಿನಲ್ಲೂ ಇರಲಿಲ್ಲ. ಕಾರಣ ಇವತ್ತಿಗೂ ನನಗೆ ಸಿಕ್ಕಿಲ್ಲ.

ಅತ್ತಿಗೆ ಕಣ್ಣು ತೆರೆದು, ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆ ನೋಡಿದರು. "ನಡಿ ಮಾರಾಯ, ನನ್ನ ಸರದಿ ತಪ್ಪುತ್ತದೆ" ಎಂದರು.