ಗೊತ್ತಿಲ್ಲದವರು ಎಡಗೈ ಎತ್ತಿ

ನನ್ನ ಹೆಂಡತಿ ಪ್ರೈಮರಿ ಶಾಲೆಯ ಟೀಚರು. ಬಣ್ಣದ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ಬೀದಿಯವರಿಗೆ ನಾನು ‘ಟೀಚರ ಯಜಮಾನರು’. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಹಾಗೆ ಕರೆದರೆ ತಿರುಗಿ ನೋಡುತ್ತೇನೆ.

ಅವಳ ಕಸುಬು ಶಾಲೆಯಲ್ಲೇ ಉಳಿಯುವ ಜಾತಿಯದಲ್ಲ. ಮನೆಯಲ್ಲೂ ಯಾವ ಮಾತನ್ನಾದರೂ ಎರಡು ಸಲ ಹೇಳುವಳು. ಒಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾಯುತ್ತಿದ್ದಾಗ ಜನರ ಗಲಾಟೆ ತಡೆಯಲಾರದೆ “ಬಾಯಿ ಮೇಲೆ ಬೆರಳು!” ಎಂದುಬಿಟ್ಟಳು. ಇಡೀ ಬೆಂಚು ಗಪ್‌ಚುಪ್. ದಪ್ಪ ಮೀಸೆಯ ಮುದುಕರೊಬ್ಬರಂತೂ ನಿಜವಾಗಿಯೂ ಬೆರಳಿಟ್ಟುಕೊಂಡರು. ಭಿನ್ನರಾಶಿ ಕಲಿಸುತ್ತೇನೆಂದು ಮನೆಯ ಹೊಸ ಸೋಪನ್ನು ಶಾಲೆಗೆ ಒಯ್ದು ಕತ್ತರಿಸಿದಳು. ಆ ವಾರವೆಲ್ಲ ನನಗೆ ಕಾಲು ಸೋಪಿನಲ್ಲಿ ಸ್ನಾನ. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕ್ಲಾಸಿನ ಕಥೆ ಶುರು ಮಾಡುವಳು. ಯಾವುದೋ ಮಗುವಿಗೆ ಲೆಕ್ಕ ತಲೆಗೆ ಹತ್ತಲಿಲ್ಲವೆಂದರೆ ಇವಳಿಗೆ ಊಟ ಸೇರದು. ಹೆಡ್‌ಮಾಸ್ಟರ ಮೇಲೆ ಕೋಪ, ಮಕ್ಕಳನ್ನು ಬಡಿಯುವ ಅಪ್ಪಂದಿರ ಮೇಲೆ ಕೋಪ, ಅದನ್ನೆಲ್ಲ ಕೇಳುತ್ತಾ ಆಕಳಿಸಿದ ನನ್ನ ಮೇಲೆ ಎಲ್ಲರಿಗಿಂತ ಜಾಸ್ತಿ ಕೋಪ.

ಆ ಕೋಪ ಯಾವಾಗ ನಿಂತಿತೋ ನನ್ನ ಗಮನಕ್ಕೆ ಬರಲಿಲ್ಲ. ಈಚೆಗೆ ಪಾಠವೆಂದರೆ ಉಳಿದ ಕೆಲಸಗಳ ನಡುವೆ ಪುರಸೊತ್ತಾದರೆ ಮಾಡುವ ಕೆಲಸ. ಹಾಜರಿ ಮೊಬೈಲಿನಲ್ಲಿ, ಮಧ್ಯಾಹ್ನ ತಟ್ಟೆ ಹಿಡಿದ ಮಕ್ಕಳ ಫೋಟೋ ಮೊಬೈಲಿನಲ್ಲಿ, ಆಮೇಲೆ ಮನೆಮನೆಯ ಗಣತಿ, ತರಬೇತಿ, ತರಬೇತಿಗೆ ಹೋಗಿದ್ದೆ ಎನ್ನುವುದಕ್ಕೆ ಇನ್ನೊಂದು ಫೋಟೋ. ಸಂಜೆ ಬಂದು ಕುರ್ಚಿಯಲ್ಲಿ ಕೂತರೆ ಬ್ಯಾಗು ಹೆಗಲಲ್ಲೇ ಇರುತ್ತಿತ್ತು. “ಏನಾಯ್ತೇ?” ಎಂದರೆ “ಏನಿಲ್ಲ”. ಬೇಕೆಂದೇ ಕಾಲು ಕೆರೆದು ಜಗಳಕ್ಕೆ ಹೋದೆ. ಅದಕ್ಕೂ “ಆಯ್ತು ಬಿಡಿ” ಎಂದಳು. ನನಗೆ ಭಯ ಹತ್ತಿದ್ದು ಆಗ.

ಇಂಥ ಹೊತ್ತಿನಲ್ಲಿ ನಮ್ಮ ಮಗಳಿಗೆ ಟೀಚರ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ವಿಮಾ ಆಫೀಸೊಂದರಿಂದ ಕೆಲಸಕ್ಕೂ ಕರೆ ಬಂದಿತ್ತು. ಶನಿವಾರ ಸಂಜೆಯೊಳಗೆ ಹೌದೋ ಅಲ್ಲವೋ ಹೇಳಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದು ಕಾಲೇಜಿನವರು ತಿಳಿಸಿದ್ದರು. ಟೀಚರಾಗುವ ಆಸೆ ಅವಳಿಗೆ ಚಿಕ್ಕಂದಿನದು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದು ದಿಂಬುಗಳಿಗೆ ಪಾಠ ಹೇಳಿದವಳು. ಆದರೆ ಅಮ್ಮನ ಮುಖ ನೋಡಿದಾಗಲೆಲ್ಲ ಅಳುಕು.

“ಅಮ್ಮಾ, ನೀನು ಹೇಳ್ದಂಗೆ ಮಾಡ್ತೀನಿ. ಸೇರು ಅಂದ್ರೆ ಸೇರ್ತೀನಿ, ಬೇಡ ಅಂದ್ರೆ ಬಿಡ್ತೀನಿ. ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

“ನೋಡೋಣ,” ಎಂದಳು ನನ್ನ ಹೆಂಡತಿ.

ವಾರವೆಲ್ಲ ಅದೇ ‘ನೋಡೋಣ’. ನಾನು ಅಂಗಡಿಗೆ ಬರುವ ಪೇಂಟರನ್ನು ಕೇಳಿದೆ.

“ಟೀಚರ್ ಕೆಲಸಾನಾ? ಕಣ್ಮುಚ್ಚಿ ಸೇರಿಸಿ ಸಾರ್,” ಎಂದ. “ನಮ್ ಥರ ಬಿಸಿಲಲ್ಲಿ ಏಣಿ ಹತ್ಬೇಕಾ? ಬೇಸಿಗೆ ಬಂದ್ರೆ ರಜೆ ಬೇರೆ.”

“ನಿನ್ನ ಮಗಳನ್ನ ಸೇರಿಸ್ತೀಯಾ?”

“ಅವಳು ನರ್ಸಿಂಗ್ ಓದ್ತಿದಾಳಲ್ಲ ಸಾರ್,” ಎಂದು ಡಬ್ಬದ ಮುಚ್ಚಳ ನೋಡತೊಡಗಿದ.

ನನ್ನ ಮನಸ್ಸಿನಲ್ಲಿ ಮಾತ್ರ ಅನುಮಾನವಿರಲಿಲ್ಲ. ಬೇಡ. ಒಬ್ಬಳನ್ನು ಆ ಶಾಲೆಗೆ ಕೊಟ್ಟದ್ದು ಸಾಲದೆ? ಆದರೆ ಮಗಳು ಕೇಳಿದ್ದು ನನ್ನನ್ನಲ್ಲ.

ಶುಕ್ರವಾರ ಶಾಲೆಗೆ ಮೇಲಧಿಕಾರಿ ಬರುವವರಿದ್ದರು. ಅಂಥ ದಿನಕ್ಕೆಂದು ಟೀಚರುಗಳ ಬಳಿ ಒಂದು ಹಳೆಯ ಉಪಾಯವಿದೆ. ಪ್ರಶ್ನೆ ಕೇಳಿದ ಕೂಡಲೇ ಕ್ಲಾಸಿಗೆ ಕ್ಲಾಸೇ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈಯವರನ್ನಷ್ಟೇ ಎಬ್ಬಿಸುತ್ತಾರೆ. ಬಾಗಿಲಲ್ಲಿ ನಿಂತ ಅಧಿಕಾರಿಗೆ ಕಾಣುವುದು ಬರೀ ಕೈಗಳು, ಎಲ್ಲರೂ ಜಾಣರು. ಮಕ್ಕಳಿಗೆ ಎದುರಾಗಿ ನಿಂತವರಿಗೆ ಅವರ ಎಡಗೈ ತಮ್ಮ ಬಲಕ್ಕೆ ಕಾಣುತ್ತದಲ್ಲ, ಹೊಸಬರು ಎಡವುವುದು ಅಲ್ಲೇ. ನನ್ನ ಹೆಂಡತಿ ಇಷ್ಟು ವರ್ಷ ಒಮ್ಮೆಯೂ ಎಡವಿದವಳಲ್ಲ. ಅಂದು ಎಡವಿದಳು.

ಸಂಜೆ ಲೋಟ ತೊಳೆಯುತ್ತಾ ಅವಳೇ ಹೇಳಿದಳು.

“ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ ಅಂತ ಕೇಳ್ದೆ. ಎಲ್ರೂ ಕೈ ಎತ್ತಿದ್ರು. ಕಿಟಕಿ ಪಕ್ಕದ ಹುಡುಗೀನ ಎಬ್ಬಿಸ್ದೆ. ‘ಮಿಸ್, ನಾನು ಎತ್ತಿದ್ದು ಎಡಗೈ’ ಅಂದ್ಲು.”

ಮಗಳು ಅಡುಗೆಕಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

“ಅಯ್ಯೋ ಅಮ್ಮಾ! ಸಾಹೇಬ್ರು ಏನಂದ್ರು?”

“ಅವ್ರೂ ನಕ್ರು. ತಾವು ಮೇಷ್ಟ್ರಾಗಿದ್ದಾಗ ಹೀಗೇ ಮಾಡ್ತಿದ್ರಂತೆ. ಹೆಡ್‌ಮಾಸ್ಟ್ರು ಆಮೇಲೆ ಬೈದ್ರು.”

“ಆ ಹುಡುಗಿ?”

“ಅಳ್ತಾ ನಿಂತಿದ್ಲು.”

“ಮತ್ತೆ ಅವಳಿಗೆ ಆ ಲೆಕ್ಕ ಹೇಳ್ಕೊಟ್ಯಾ?”

“ಇಲ್ಲ. ಸಾಹೇಬ್ರ ಜೊತೆ ಫೋಟೋ ಇತ್ತು. ಅಷ್ಟ್ರಲ್ಲಿ ಬೆಲ್ ಹೊಡೀತು.”

ಮಗಳ ನಗು ನಿಂತಿತು. ನನ್ನ ಹೆಂಡತಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

“ನೀನು ಸೇರ್ಬೇಡ ಕಣೇ,” ಎಂದಳು. “ಕೆಲಸ ಜಾಸ್ತಿ ಅಂತಲ್ಲ, ಅದು ಎಲ್ಲಾ ಕಡೆ ಇದ್ದಿದ್ದೇ. ಆ ಮಗು ಎದುರಿಗೆ ಅಳ್ತಾ ನಿಂತಿತ್ತು, ನಾನು ನೋಡ್ತಾ ನಿಂತಿದ್ದೆ. ನನಗೆ ಏನೂ ಅನ್ನಿಸ್ಲಿಲ್ಲ. ನಾಚಿಕೆನೂ ಆಗ್ಲಿಲ್ಲ. ನಾನು ಮೊದ್ಲು ಹೀಗಿರ್ಲಿಲ್ಲ. ಬೇಕಾದ್ರೆ ನಿಮ್ಮಪ್ಪನ್ನ ಕೇಳು.”

ಮಗಳು ನನ್ನತ್ತ ನೋಡಿದಳು. ಹೌದೆಂದು ತಲೆಯಾಡಿಸಿದೆ. ನಾನು ಬಯಸಿದ ಮಾತೇ ಹೆಂಡತಿಯ ಬಾಯಿಂದ ಬಂದಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ.

“ನಾನು ಹಾಗಾಗಲ್ಲಮ್ಮ,” ಎಂದಳು ಮಗಳು ಮೆಲ್ಲಗೆ.

“ನಾನೂ ಹಾಗೇ ಅಂದ್ಕೊಂಡಿದ್ದೆ.”

ಶನಿವಾರ ಮಧ್ಯಾಹ್ನ ಹೆಂಡತಿ ನೆಲದ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಮಗಳು ಕಾಲೇಜಿಗೆ ಫೋನ್ ಮಾಡಲು ಕೂತಳು. ಒತ್ತುವ ಮೊದಲು ಅಮ್ಮನ ಕಡೆ ನೋಡಿದಳು, ತಡೆಯುತ್ತಾಳೇನೋ ಎಂದು. ನಾನೂ ನೋಡಿದೆ. ವಾರವೆಲ್ಲ ಬೇಡ ಬೇಡ ಎಂದುಕೊಂಡಿದ್ದ ನಾನೇ, ಇವಳು ಒಮ್ಮೆ ಮೊದಲಿನ ಹಾಗೆ ಸಿಡುಕಿ “ಇಡೇ ಆ ಫೋನು!” ಎನ್ನಲಿ ಎಂದು ಕಾದೆ. ಅವಳು ತಲೆ ಎತ್ತಲಿಲ್ಲ.

“ನನಗೆ ಸೀಟು ಬೇಡ ಮೇಡಂ. ಬೇರೆಯವ್ರಿಗೆ ಕೊಡಿ,” ಎಂದಳು ಮಗಳು. ಆ ಕಡೆಯವರು ಇನ್ನೇನೋ ಹೇಳಿದರು. ಹೂಂ, ಹೂಂ ಎಂದು ಫೋನು ಕೆಳಗಿಟ್ಟಳು.

ಹೆಂಡತಿ ಇನ್ನೊಂದು ಬೀನ್ಸ್ ಮುರಿದಳು.

“ಯಾರಿಗೆ ಕೊಡ್ತಾರಂತೆ?” ಎಂದು ಕೇಳಿದಳು ನನ್ನ ಹೆಂಡತಿ.

“ಯಾರೋ ಹುಡುಗಿ. ಬೆಳಿಗ್ಗೆಯಿಂದ ಅವಳಮ್ಮನ ಜೊತೆ ಅಲ್ಲೇ ಬಾಗಿಲಲ್ಲಿ ಕೂತಿದ್ದಾಳಂತೆ. ನಾನು ಬೇಡ ಅಂದಿದ್ದು ಕೇಳಿ ಇಬ್ರೂ ಎದ್ದು ಕುಣಿದಾಡ್ತಿದ್ದಾರಂತೆ.”

ಹೆಂಡತಿಯ ಕೈ ನಿಂತಿತು.

“ಪಾಪ,” ಎಂದಳು.