ಧಾರವಾಡದ ಅಕ್ಕನ ಸೈಲೆನ್ಸರ್

ಗರಾಜ್ ಖಾಲಿ ಮಾಡುತ್ತಿದ್ದಾಗ ಮೇಲಿನ ಶೆಲ್ಫಿನಲ್ಲಿ ಒಂದು ಬ್ರೌನ್ ಪೇಪರ್ ಬ್ಯಾಗ್ ಸಿಕ್ಕಿತು. ಬಾಯಿ ಬಿಚ್ಚಿದ್ದೇ ತಡ, ಸುಟ್ಟ ಎಣ್ಣೆ, ತುಕ್ಕು, ಎಂದೋ ಒಣಗಿಹೋದ ಹುಲ್ಲು, ಮೂರೂ ಕಲೆತ ವಾಸನೆ ಮೂಗಿಗೆ ಬಂತು. ಕೈ ಹಾಕಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಒಳಗಿದ್ದದ್ದು ಮುಷ್ಟಿಗಿಂತ ತುಸು ದೊಡ್ಡದಾದ, ಮಸಿ ಹಿಡಿದ ತಗಡಿನ ಡಬ್ಬಿ. ಅದರ ಕೊರಳಿಗೆ ದಾರದಲ್ಲಿ ಕಟ್ಟಿದ ಪೊಲೀಸರ ಚೀಟಿ. ಚೀಟಿಯ ಮೇಲಿದ್ದದ್ದೆಲ್ಲ ಮಾಸಿ ಈಗ ಒಂದೇ ಪದ ಓದಲು ಬರುತ್ತದೆ: ಸೈಲೆನ್ಸರ್. ಅದರ ಮುಂದೆ ಬೇರೆ ಇಂಕಿನಲ್ಲಿ ಒಂದು ಕ್ವೆಶ್ಚನ್ ಮಾರ್ಕ್.

ಆ ಕ್ವೆಶ್ಚನ್ ಮಾರ್ಕ್ ಸುಮ್ಮನೆ ಬಂದದ್ದಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನ್ಯೂಜೆರ್ಸಿಯಲ್ಲಿ, ರೂಟ್ ಒನ್ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಬೀದಿಯಲ್ಲಿ ಕನ್ನಡದವರ ಮನೆ ಎರಡೇ, ನಮ್ಮದು ಮತ್ತು ಎದುರುಮನೆ. ಎದುರುಮನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಮಕ್ಕಳಿಗೆ ಅವರು ಧಾರವಾಡ ಆಂಟಿ. ಕೌಂಟಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಎಲ್ಲರೂ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗಿ ಎಂದರೂ ಕೇಳದೆ, ಕಾಟನ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ತಾವೇ ಲಾನ್ ಮೋವ್ ಮಾಡುತ್ತಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು. ದನಿ ಎತ್ತಿ ಮಾತಾಡುವುದು ಪಾಪವೆಂದೇ ನಂಬಿದ್ದವಳು. ಅಕ್ಕನ ದನಿಯೋ ಬೀದಿಯ ಆ ತುದಿಗೆ ಕೇಳುತ್ತಿತ್ತು. ಅದಕ್ಕಿಂತ ಜೋರಾಗಿ ಕೇಳುತ್ತಿದ್ದದ್ದು ಅವರ ಮೋವರ್.

ಯಾವುದೋ ಗರಾಜ್ ಸೇಲಿನಲ್ಲಿ ಕೊಂಡ, ಹುಲ್ಲು ಕತ್ತರಿಸುವ ಹಳೇ ಮೋವರ್ ಅದು. ಹೊಗೆ ಹೋಗುವ ಡಬ್ಬಿಗೆ ತೂತು ಬಿದ್ದು, ಶುರು ಮಾಡಿದರೆ ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು. ಅಕ್ಕನ ಪಕ್ಕದ ಮನೆಯವನು ಟೌನ್‌ಶಿಪ್ ಆಫೀಸಿಗೆ ಕಂಪ್ಲೇಂಟ್ ಕೊಟ್ಟ. ಆ ಮಾಡೆಲ್‌ಗೆ ಹೊಸ ಡಬ್ಬಿ ಎಲ್ಲೂ ಸಿಗಲಿಲ್ಲ. ಅದಕ್ಕೇನಂತೆ, ತಾವೇ ಮಾಡುವುದೆಂದು ಅಕ್ಕ ಹಾರ್ಡ್‌ವೇರ್ ಅಂಗಡಿಗೆ ಹೋದರು. ಮನೆಯಲ್ಲೇ ಒಂದು ಸೈಲೆನ್ಸರ್ ಮಾಡುತ್ತಿದ್ದೇನೆ, ಯಾವ ಪೈಪ್ ಆದೀತು ಎಂದು ಕೇಳಿದರು. ಕೌಂಟರಿನವನು ತಡವರಿಸುತ್ತಾ, ಯಾತಕ್ಕೆ ಎಂದನಂತೆ.

"ಇಟ್ ಈಸ್ ಫಾರ್ ಮೈ ನೇಬರ್. ಹೀ ಹ್ಯಾಸ್ ಗಿವನ್ ಮೀ ಟೂ ಮಚ್ ಟ್ರಬಲ್," ಎಂದರಂತೆ ಅಕ್ಕ.

ನೆರೆಯವನ ಸಲುವಾಗಿ ಎಂಬುದು ಧಾರವಾಡದಲ್ಲಿ ಎಂಥ ಒಳ್ಳೆಯ ಮಾತು! ಅಕ್ಕ ಚೆಕ್ ಬರೆದುಕೊಟ್ಟು ಬಂದರು. ಚೆಕ್ಕಿನ ಮೇಲೆ ವಿಳಾಸವಿತ್ತು.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಈಸ್ಟ್ ಬ್ರನ್ಸ್‌ವಿಕ್‌ಗೆ ಬೇಳೆ, ಮೆಂತ್ಯ ತರಲು ಹೊರಡುತ್ತಿದ್ದೆವು. ಅವರ ಗರಾಜ್ ಬಾಗಿಲಲ್ಲಿ ಇಬ್ಬರು ಪೊಲೀಸರು ಬಂದು ನಿಂತರು. ಇಲ್ಲಿ ಸೈಲೆನ್ಸರ್ ತಯಾರಾಗುತ್ತಿದೆಯೇ ಎಂದು ಸಾರ್ಜೆಂಟ್ ಕೇಳಿದ. ಅಂತೂ ಒಬ್ಬನಿಗಾದರೂ ತಮ್ಮ ಕೆಲಸದಲ್ಲಿ ಆಸಕ್ತಿ ಬಂತಲ್ಲ ಎಂದು ಅಕ್ಕನಿಗೆ ಸಂತೋಷವೇ ಆಯಿತು. ಯೆಸ್ ಯೆಸ್, ಬನ್ನಿ ತೋರಿಸುತ್ತೇನೆ ಎಂದು ಡಬ್ಬಿಯನ್ನು ಎತ್ತಿ ಹಿಡಿದು, ಕ್ಲಾಸಿನಲ್ಲಿ ನಿಂತವರ ಹಾಗೆ ಸೌಂಡ್ ವೇವ್ಸ್ ಪಾಠ ಶುರುಮಾಡಿಬಿಟ್ಟರು. ಇನ್ನೊಬ್ಬನ ಕೈ ಸೊಂಟದ ಬೆಲ್ಟಿನ ಕಡೆ ಸರಿದದ್ದು ನನಗೆ ಕಂಡಿತು.

ಮೂಲೆಯಲ್ಲಿದ್ದ ಮೋವರ್ ನೋಡಿದ ಮೇಲೆ ಅವನ ಮುಖ ಸಡಿಲವಾಯಿತು. ಸಾರ್ಜೆಂಟ್ ಮಾತ್ರ ನಗಲಿಲ್ಲ. ಈ ದೇಶದಲ್ಲಿ ಎಂಜಿನ್ನಿಗೆ ಹಾಕುವುದು ಮಫ್ಲರ್, ಸೈಲೆನ್ಸರ್ ಎಂದರೆ ಬಂದೂಕಿಗೆ ಹಾಕುವುದು ಎಂದು ವಿವರಿಸಿದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಊರಲ್ಲಿ ಮಫ್ಲರ್ ಎಂದರೆ ಡಿಸೆಂಬರ್ ಚಳಿಗೆ ಅಜ್ಜಂದಿರು ಕಿವಿ ಮುಚ್ಚಿ ಕೊರಳಿಗೆ ಸುತ್ತಿಕೊಳ್ಳುವ ಉಣ್ಣೆ ಬಟ್ಟೆ. ಅಕ್ಕ ನನ್ನ ಕಡೆ ತಿರುಗಿ, "ಮೋವರ್‌ಗೆ ಥಂಡಿ ಹತ್ತೇದೇನವಾ, ಮಫ್ಲರ್ ಕಟ್ಟಲಿಕ್ಕೆ?" ಎಂದರು. ಸಾರ್ಜೆಂಟ್ ಡಬ್ಬಿಗೆ ಚೀಟಿ ಕಟ್ಟಿದ, ಬ್ಯಾಗಿಗೆ ಹಾಕಿದ, ತೆಗೆದುಕೊಂಡು ಹೋದ.

ಸೋಮವಾರ ಅವನೇ ಬಂದು ಒಂದು ಟೈಪ್ ಮಾಡಿದ ಹಾಳೆ ಕೊಟ್ಟ. ಶುಕ್ರವಾರದೊಳಗೆ ಸೈನ್ ಮಾಡಿದರೆ ಕೇಸ್ ಕ್ಲೋಸ್. ಅದರಲ್ಲಿದ್ದದ್ದು ಇಷ್ಟೇ: ನಾನು ಮನೆಯಲ್ಲಿ ಸೈಲೆನ್ಸರ್ ಮಾಡುತ್ತಿದ್ದೆ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಆದ್ದರಿಂದ ಇಲ್ಲಿನ ಕಾನೂನು ತಿಳಿದಿರಲಿಲ್ಲ, ಇನ್ನು ಮಾಡುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದ, ಪಾಪ. ಆದರೆ ಮುಂದಿನ ತಿಂಗಳು ನ್ಯೂಆರ್ಕ್‌ನಲ್ಲಿ ಅಕ್ಕನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇತ್ತು. ಅರೆಸ್ಟ್ ಆಗದಿದ್ದರೂ ನೀನು ಎಂದಾದರೂ ಅಪರಾಧ ಮಾಡಿದ್ದೀಯಾ ಎಂದು ಅಲ್ಲಿ ಕೇಳುತ್ತಾರೆ. ಇಂಗ್ಲಿಷ್ ಬರುತ್ತದೆಯೇ ಎಂದೂ ಪರೀಕ್ಷೆ ಮಾಡುತ್ತಾರೆ. ಈ ಒಂದು ಹಾಳೆ ಎರಡಕ್ಕೂ ಉತ್ತರ ಬರೆದಿಟ್ಟಿತ್ತು.

ನಾನಾಗ ನ್ಯೂ ಬ್ರನ್ಸ್‌ವಿಕ್‌ನ ಒಬ್ಬ ಅಟಾರ್ನಿಯ ಆಫೀಸಿನಲ್ಲಿ ಟೈಪಿಸ್ಟ್. ಲಂಚ್ ಅವರ್‌ನಲ್ಲಿ ಅವರನ್ನು ಕೇಳಿದೆ. ಸ್ಯಾಂಡ್‌ವಿಚ್ ಕೆಳಗಿಟ್ಟು ಪುಸ್ತಕ ತೆಗೆದರು. ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯ ಮನುಷ್ಯ ಮನೆಯಲ್ಲಿ ಬಂದೂಕಿನ ಸೈಲೆನ್ಸರ್ ಮಾಡಬೇಕಾದರೆ ಮೊದಲೇ ಅರ್ಜಿ ಹಾಕಬೇಕು, ಫೋಟೋ ಬೇಕು, ಬೆರಳಚ್ಚು ಬೇಕು, ಇನ್ನೂರು ಡಾಲರ್ ಟ್ಯಾಕ್ಸ್ ಕಟ್ಟಬೇಕು. ಒಪ್ಪಿಗೆ ಕೈಗೆ ಬರುವ ತನಕ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಇನ್ನು ನ್ಯೂಜೆರ್ಸಿಯಲ್ಲಂತೂ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಹಾಗಾಗಿ ಇಲ್ಲಿಯವರಿಗೆ ಆ ಒಪ್ಪಿಗೆ ಸಿಗುವ ಮಾತೇ ಇಲ್ಲ. ಪೂರ್ತಿ ಆಗಿರಲೇಬೇಕೆಂದಿಲ್ಲ, ಆ ಉದ್ದೇಶಕ್ಕೆಂದು ಜೋಡಿಸಿಟ್ಟ ಬಿಡಿಭಾಗಗಳೂ ಸಾಕು. ಎಲ್ಲವೂ ನಿಂತಿರುವುದು ಆ ಉದ್ದೇಶ ಎಂಬ ಪದದ ಮೇಲೆ ಎಂದರು. ನಿನ್ನ ಫ್ರೆಂಡ್‌ಗೆ ಹೇಳು, ಸೈಲೆನ್ಸರ್ ಎಂಬ ಪದವಿರುವ ಯಾವ ಹಾಳೆಗೂ ಸೈನ್ ಮಾಡಬೇಡ. ಇಂಗ್ಲಿಷ್ ಬರದೆ ತಪ್ಪಿ ಅಂದೆ, ಅದು ಮಫ್ಲರ್ ಅಂತ ಬರೆದುಕೊಡಲಿ, ಮುಗಿಯಿತು ಎಂದರು.

ಹತ್ತಿರದ ಕೆಂಡಲ್ ಪಾರ್ಕ್ ಊರಿನಲ್ಲಿ ಆ ವಾರ ಕನ್ನಡದವರದೊಂದು ಪಾಟ್‌ಲಕ್ ಇತ್ತು, ಮನೆಗೊಂದು ಅಡಿಗೆ ತಂದು ಎಲ್ಲರೂ ಕೂಡಿ ಉಣ್ಣುವುದು. ಬಿಸಿಬೇಳೆಭಾತಿನ ತಟ್ಟೆ ಹಿಡಿದ ಅಂಕಲ್‌ಗಳೆಲ್ಲ ಲಾಯರುಗಳಾದರು. ಒಬ್ಬರು ಸೈನ್ ಮಾಡಿ ಎಸೆದುಬಿಡಿ ಎಂದರು, ಇನ್ನೊಬ್ಬರು ಸಾರಿ ಅನ್ನೋದಕ್ಕೆ ಟ್ಯಾಕ್ಸ್ ಇಲ್ಲವಲ್ಲ ಎಂದರು. ಇಂಗ್ಲಿಷ್ ಬರೋದಿಲ್ಲ ಅಂದ್ರೆ ನಿಮ್ಮ ಗಂಟೇನು ಹೋಯ್ತು ಮೇಡಂ ಎಂದು ಮತ್ತೊಬ್ಬರು. ಅಕ್ಕ ತಟ್ಟೆ ಕೆಳಗಿಟ್ಟರು. ನಾನು ಅಟಾರ್ನಿಯ ಮಾತನ್ನೂ ಹೇಳಿದ್ದೆನಲ್ಲ, ಎಲ್ಲರಿಗೂ ಸೇರಿಸಿಯೇ ಉತ್ತರ ಕೊಟ್ಟರು.

"ಕಾಯ್ದೆ ಅವರದ, ಒಪ್ಪತೀನಿ. ಬಂದೂಕಿಗೆ ಮಾಡಬ್ಯಾಡ ಅಂದ್ರ ಮಾಡೂದಿಲ್ಲ. ಆದ್ರ ಇಂಗ್ಲಿಷ್ ಏನು ಇವರಪ್ಪನ ಆಸ್ತಿ ಏನ್ರೀ? ನಾ ಕಲತಿದ್ದೂ ಇಂಗ್ಲಿಷೇ. ನನಗ ಬರೂದಿಲ್ಲ ಅಂತ ನಾನೇ ಬರಕೊಟ್ಟು ಇವರ ಸಿಟಿಜನ್ ಆಗ್ಲೇನು?"

ಯಾರೋ ಪಾಯಸ ಬಡಿಸಲು ಎದ್ದರು.

ನಾನೂ ಜೊತೆಗೆ ಸ್ಟೇಷನ್ನಿಗೆ ಹೋಗುತ್ತೇನೆ ಎಂದಾಗ ನಮ್ಮವರಿಗೆ ಸಿಟ್ಟು ಬಂತು. ನಮ್ಮದೇ ಗ್ರೀನ್ ಕಾರ್ಡ್ ಬಂದು ಇನ್ನೂ ವರ್ಷವಾಗಿಲ್ಲ, ಬಂದೂಕಿನ ವಿಷಯದಲ್ಲಿ ನಿನಗೇನು ಕೆಲಸ ಎಂದರು. ಬಂದೂಕೇ ಇಲ್ಲವಲ್ಲ ಎಂದೆ. ಅವರೆದುರು ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲಿರಬೇಕು. ಶುಕ್ರವಾರ ಆಫೀಸಿಗೆ ರಜೆ ಹಾಕಿ, ಕಾನ್ವೆಂಟ್ ಡೇಗೆ ಹೋಗುವವಳ ಹಾಗೆ ಇಸ್ತ್ರಿ ಸೀರೆ ಉಟ್ಟು, ಅಕ್ಕನ ಪಕ್ಕ ಕಾರಿನಲ್ಲಿ ಕೂತೆ.

ಅಕ್ಕ ಹಾಳೆಯನ್ನು ಸೈನ್ ಮಾಡದೆಯೇ ಮೇಜಿನ ಮೇಲಿಟ್ಟರು. ತಮ್ಮ ಇಂಗ್ಲಿಷ್‌ನಲ್ಲಿ ತಪ್ಪಿಲ್ಲ, ತಾವು ಮಾಡಿದ್ದು ಸೈಲೆನ್ಸರೇ, ಮೋವರಿನದು ಎಂದರು. ಕಾನೂನಿನ ಪುಸ್ತಕ ಹೇಳುವುದು ಪೋರ್ಟಬಲ್ ಫೈರ್‌ಆರ್ಮ್, ಒಯ್ಯಬಹುದಾದ ಬಂದೂಕು ಅಂತ. ನನ್ನ ಮೋವರ್ ಪೋರ್ಟಬಲ್ ಹೌದು, ಫೈರ್‌ಆರ್ಮ್ ಅಲ್ಲ ಎಂದರು. ಸಾರ್ಜೆಂಟ್ ಕಣ್ಣುಜ್ಜಿಕೊಂಡ. ಮ್ಯಾಮ್, ಒಂದು ಪದ ಬದಲಾಯಿಸಿ ಮನೆಗೆ ಹೋಗಬಹುದು, ಯಾಕಿಷ್ಟು ಕಷ್ಟ ಎಂದ. ಅಕ್ಕ ಅಲ್ಲಾಡಲಿಲ್ಲ. ಆಗ ಅವನು ನನ್ನ ಕಡೆ ತಿರುಗಿ, ನೀವೂ ಇದನ್ನು ಸೈಲೆನ್ಸರ್ ಎನ್ನುತ್ತೀರಾ ಎಂದು ಕೇಳಿದ.

ಹ್ಞೂಂ ಎಂದಷ್ಟೇ ಹೇಳಬಹುದಿತ್ತು. ಆದರೆ ನನಗೆ ಮೈಸೂರಿನ ನಮ್ಮ ಮದರ್ ಸುಪೀರಿಯರ್ ಅವರ ವ್ಯಾನ್ ನೆನಪಾಯಿತು. ಎದ್ದು ನಿಂತೆ, ಇಂಗ್ಲಿಷ್‌ನಲ್ಲಿ ಉತ್ತರ ಹೇಳಬೇಕಾದರೆ ಎದ್ದು ನಿಲ್ಲುವುದು ನಮಗೆ ಅಭ್ಯಾಸ. ಆಫೀಸರ್, ನನಗೆ ಇಂಗ್ಲಿಷ್ ಕಲಿಸಿದವರು ಐರಿಷ್ ಸಿಸ್ಟರ್‌ಗಳು. ಅವರ ವ್ಯಾನಿನ ಸೈಲೆನ್ಸರ್‌ಗೆ ತೂತು ಬಿದ್ದಿತ್ತು. ಆ ಸದ್ದು ಗೇಟಿನಲ್ಲಿ ಕೇಳಿದರೆ ಸಾಕು, ಕ್ಲಾಸಿಗೆ ಕ್ಲಾಸೇ ಬಾಯಿ ಮುಚ್ಚುತ್ತಿತ್ತು. ಇಡೀ ಕಾನ್ವೆಂಟನ್ನು ಸೈಲೆಂಟ್ ಮಾಡಿದ್ದು ಆ ಕೆಟ್ಟುಹೋದ ಸೈಲೆನ್ಸರೇ. ಅವರ್ಯಾರೂ ಅದನ್ನು ಮಫ್ಲರ್ ಎಂದದ್ದು ನಾನು ಕೇಳಿಲ್ಲ…

ಸಾರ್ಜೆಂಟ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿದ. ಅವನಿಗೂ ಚಿಕ್ಕಂದಿನಲ್ಲಿ ಸಿಸ್ಟರ್‌ಗಳ ಏಟು ಬಿದ್ದಿರಬೇಕು ಎಂದು ಅಕ್ಕ ಆಮೇಲೆ ಹೇಳುತ್ತಿದ್ದರು. ಹಾಗಾದರೆ ಬಂದೂಕಿನದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದ. ನಾವಿಬ್ಬರೂ ಯೋಚಿಸಿದೆವು. ಅದನ್ನು ಕರೆಯುವ ಪ್ರಸಂಗವೇ ನಮಗೆ ಬಂದಿರಲಿಲ್ಲ. ಹಾಗೆಯೇ ಹೇಳಿದೆ. ಅವನು ತನ್ನ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ, ನಿಮ್ಮ ಮಾತಿನಲ್ಲೇ ಹೇಳಿ ಎಂದು ಟೈಪ್‌ರೈಟರ್ ಮುಂದೆ ಕೂತ. ಎರಡು ಬೆರಳಿನಲ್ಲಿ ಅವನು ಕುಟ್ಟುವುದನ್ನು ನೋಡಲಾರದೆ ನಾನೇ ಕೂತೆ. ಅಕ್ಕ ನಿಂತು ಡಿಕ್ಟೇಟ್ ಮಾಡಿದರು: ನಾನು ಕಲಿತ ಇಂಗ್ಲಿಷ್‌ನಲ್ಲಿ ಸೈಲೆನ್ಸರ್ ಎಂದರೆ ಎಂಜಿನ್ನಿನ ಸದ್ದು ತಗ್ಗಿಸುವ ಸಾಧನ. ನನ್ನ ಲಾನ್ ಮೋವರಿಗೆ ಒಂದನ್ನು ಮಾಡಿದ್ದೇನೆ. ನನ್ನ ಬಳಿ ಬಂದೂಕಿಲ್ಲ, ಬಂದೂಕಿಗಾಗಿ ಏನನ್ನೂ ಮಾಡುವ ಉದ್ದೇಶ ನನಗಿರಲಿಲ್ಲ, ಇಲ್ಲ. ಇದರ ಕೆಳಗೆ ಸೈನ್ ಮಾಡಿದರು. ಸಾಕ್ಷಿ ಎಂದು ನಾನೂ ಮಾಡಿದೆ. ಸಾರ್ಜೆಂಟ್ ಡಬ್ಬಿಯ ಚೀಟಿ ತೆಗೆದು, ಸೈಲೆನ್ಸರ್ ಎಂಬುದರ ಮುಂದೆ ಒಂದು ಕ್ವೆಶ್ಚನ್ ಮಾರ್ಕ್ ಹಾಕಿದ. ಅವನಿಂದ ಅಷ್ಟೇ ಸಾಧ್ಯವಿತ್ತು. ಅಕ್ಕನಿಗೆ ಅದೂ ಸೇರಲಿಲ್ಲ. ಕಾರಿಗೆ ಬಂದ ಮೇಲೆ, "ನಾ ಏನು ಡೌಟಿನ್ಯಾಗ ಮಾಡೀನೇನವಾ ಅದನ್ನ?" ಎಂದರು.

ಕೆಲವು ವಾರಗಳ ಮೇಲೆ ಡಬ್ಬಿ ವಾಪಸ್ ಬಂತು. ನ್ಯೂಆರ್ಕ್‌ನ ಇಂಟರ್‌ವ್ಯೂ ಕೂಡ ಆಯಿತು. ಅಪರಾಧದ ಪ್ರಶ್ನೆಗೆ ಅಕ್ಕ ನೆಟ್ಟಗೆ ನೋ ಎಂದರು. ಇಂಗ್ಲಿಷ್ ಪರೀಕ್ಷೆಗೆ ಒಂದು ವಾಕ್ಯ ಬರೆಯಿರಿ ಎಂದಾಗ, ನನ್ನ ಲಾನ್ ಮೋವರಿಗೆ ನಾನೊಂದು ಸೈಲೆನ್ಸರ್ ಮಾಡಿದ್ದೇನೆ ಎಂದು ಬರೆದುಕೊಟ್ಟರಂತೆ. ನಿಜವೋ, ನನ್ನನ್ನು ನಗಿಸಲು ಹೇಳಿದರೋ… ಸಿಟಿಜನ್ ಅಂತೂ ಆದರು.

ಇಷ್ಟೆಲ್ಲ ಆಗಿ ಆ ಸೈಲೆನ್ಸರ್ ಕೂಡಿಸಿ ಮೋವರ್ ಶುರು ಮಾಡಿದರೆ, ಸದ್ದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಸ್ವಲ್ಪ ಹೆಚ್ಚೇ ಆಯಿತೆಂದು ನನ್ನ ಅನುಮಾನ. ಆದರೂ ಅಕ್ಕ ಬಿಚ್ಚಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೀದಿಯೆಲ್ಲ ಗಡಗಡ ಎನ್ನುತ್ತಿತ್ತು, ಅದರ ಹಿಂದೆ ಸೀರೆ, ಸ್ನೀಕರ್ಸ್. ಪಕ್ಕದ ಮನೆಯವನು ಕೊನೆಗೆ ತಾನೇ ಒಂದು ಹೊಸ ಮೋವರ್ ಕೊಡಿಸಲು ಬಂದನಂತೆ. ಬೇಡವೆಂದು ಕಾಫಿ ಕುಡಿಸಿ ಕಳಿಸಿದರು.

ಅಕ್ಕ ಹೋಗಿ ಬಹಳ ವರ್ಷವಾಯಿತು. ಸ್ಟ್ರೋಕ್ ಆಗಿ ಕೊನೆಯ ತಿಂಗಳು ಮಾತೇ ಬಂದಿರಲಿಲ್ಲ. ಆ ದನಿಯನ್ನು ತಡೆಯಲು ಅಂಥದ್ದೇ ಏನಾದರೂ ಬರಬೇಕಿತ್ತು… ಅವರ ಮನೆ ಮಾರುವಾಗ ಮೋವರಿನಿಂದ ಡಬ್ಬಿ ಬಿಚ್ಚಿಸಿ, ಅಕ್ಕ ಎತ್ತಿಟ್ಟಿದ್ದ ಚೀಟಿಯನ್ನು ಮತ್ತೆ ಅದಕ್ಕೆ ಕಟ್ಟಿ, ಈ ಬ್ಯಾಗಿನಲ್ಲಿ ನಾನು ಕೇಳಿ ತಂದುಕೊಂಡಿದ್ದೆ.

ಈಗ ಬೀದಿಯಲ್ಲಿ ಎಲ್ಲರದೂ ಬ್ಯಾಟರಿ ಮೋವರ್. ಹುಲ್ಲು ಕತ್ತರಿಸಿದ್ದೇ ತಿಳಿಯುವುದಿಲ್ಲ. ಮಗಳು ಬಂದು, ಅಮ್ಮ, ವಾಟ್ ಈಸ್ ದಿಸ್, ಓಲ್ಡ್ ಮಫ್ಲರಾ, ಬಿಸಾಡಲಾ ಎಂದಳು. ಮಫ್ಲರ್ ಅಲ್ಲ ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಅವಳು ಒಳಗೆ ಹೋದ ಮೇಲೆ, ಪರ್ಸಿನಿಂದ ಪೆನ್ ತೆಗೆದು ಚೀಟಿಯ ಆ ಕ್ವೆಶ್ಚನ್ ಮಾರ್ಕನ್ನು ಹೊಡೆದುಹಾಕಿದೆ. ಸಿಸ್ಟರ್‌ಗಳು ಕಲಿಸಿದ ಹಾಗೆ, ಅದರ ಜಾಗದಲ್ಲಿ ಒತ್ತಿ ಒಂದು ಫುಲ್‌ಸ್ಟಾಪ್ ಇಟ್ಟೆ.