ಗುಂಡವ್ವನ ಕೌದಿ, ಮುಸುಕಿನ ಗುದ್ದು

‘ಮುಸುಕಿನ ಗುದ್ದು’ ಅಂತ ನಮ್ಮ ಪತ್ರಿಕೆಗಳು ದಿನಾ ಬರೆಯುತ್ತವೆ. ಇಬ್ಬರು ಪುಢಾರಿಗಳು ಬಾಯಿಬಿಟ್ಟು ಹೇಳದೆ ಒಳಗೊಳಗೇ ಕಚ್ಚಾಡಿದರೆ ಆ ಮಾತು. ಅದು ಎಲ್ಲಿ ಹುಟ್ಟಿತೋ ಪಂಡಿತರು ಹುಡುಕಲಿ. ನನಗೆ ಅದರ ಅರ್ಥ ತಿಳಿಸಿದವಳು ಸಿಂದಗಿಯ ಗುಂಡವ್ವ. ಹಳೆ ಸೀರೆ ಜೋಡಿಸಿ ಕೌದಿ ಹೊಲಿದೇ ಮಗಳನ್ನು ಬೆಳೆಸಿದ ವಿಧವೆ.

ಮಗಳು ಸುರೇಖಾಳನ್ನು ಕೊಲ್ಹಾರಕ್ಕೆ ಕೊಟ್ಟಾಗ, ಹೊಳೆಗಾಳಿಗೆ ಚಳಿ ಅಂತ ದಪ್ಪನೆಯ ಕೌದಿ ಹೊಲಿದು ಕಳಿಸಿದ್ದಳು. ಕೊನೆಯ ಮೂಲೆ ಮುಚ್ಚುವ ಮುನ್ನ, ರೂಢಿಯಂತೆ, ಒಳಗೊಂದು ರೊಟ್ಟಿ ಚೂರು ಇಟ್ಟಿದ್ದಳು. ಕೌದಿ ಹಸಿದಿರಬಾರದು ಅಂತ.

ಹೋದ ಚಳಿಗಾಲ ಅಳಿಯ ಅಮಿತ ಅದನ್ನು ಹೊತ್ತು ತಂದ.

“ಇಲಿ ಕಡದಾವ್ರಿ ಅತ್ತಿ. ತ್ಯಾಪಿ ಹಚ್ಚಿಡ್ರಿ, ಮುಂದಿನ ಸಂತಿಗೆ ಒಯ್ತೇನಿ.”

ಅವನು ಹೋದ ಮೇಲೆ ಗುಂಡವ್ವ ಕೌದಿ ಬಿಡಿಸಿದಳು. ರೊಟ್ಟಿ ಇದ್ದ ಮೂಲೆ ಹಾಗೇ ಇತ್ತು. ಹರಿದದ್ದು ನಡುವೆ, ಒಳಮೈಯಲ್ಲಿ. ಹಲ್ಲಿನ ಗುರುತು, ಸುತ್ತ ಒಣಗಿದ ರಕ್ತ. ರೊಟ್ಟಿ ಬಿಟ್ಟು ಅರಿವೆ ತಿನ್ನುವ ಇಲಿ ಯಾವುದು?

ಮರುದಿನ ಕೌದಿ ಬಗಲಲ್ಲಿಟ್ಟುಕೊಂಡು ಕೊಲ್ಹಾರದ ಬಸ್ಸು ಹತ್ತಿದಳು. ಸುರೇಖಾಳ ಮುಖ ನೆಟ್ಟಗಿತ್ತು. ಸೆರಗು ಸರಿಸಿದರೆ ಬೆನ್ನು, ಪಕ್ಕೆ ಕಪ್ಪುಗಟ್ಟಿದ್ದವು.

“ಕೌದಿ ಮುಚ್ಚಿ ಗುದ್ದತಾನಬೇ. ಒದರಿದ್ರ ಓಣಿಗೆ ಕೇಳೂದಿಲ್ಲ. ಉಸರು ಕಟ್ಟಿ ಸಾಯ್ತೇನಿ ಅನಿಸಿ ಕಡದೆ.”

ಓದುಗರೇ, ಮುಸುಕು ಇದು. ಗುದ್ದು ಇದು.

“ನಾ ತೆಳ್ಳಗ ಹೊಲಿಬೇಕಿತ್ತು,” ಅಂದಳು ಗುಂಡವ್ವ.

ಅಮಿತನ ಕಾಕಾ ಕಾಳಪ್ಪ ಓಣಿಯ ಹಿರಿಯ. ಗುಂಡವ್ವ ನ್ಯಾಯ ಕೇಳಿದಾಗ ಓಣಿಯವರನ್ನೆಲ್ಲ ಮನೆ ಮುಂದಿನ ಕಟ್ಟೆಗೆ ಕರೆದ. “ಗಂಡ-ಹೆಂಡತಿ ನಡುವಿಂದು ಹೊರಗ ಆಡಬಾರದ್ರಿ ಬೀಗತಿ. ನಾವ್ಯಾರೂ ಕಂಡಿಲ್ಲ, ಕೇಳಿಲ್ಲ.”

ಪಕ್ಕದಲ್ಲಿ ಅಮಿತ ನಕ್ಕ. “ಇಲಿ ಅಂದ್ನೆಲ್ರಿ ಅತ್ತಿ.”

ಗುಂಡವ್ವ ಬಗಲಲ್ಲಿದ್ದ ಕೌದಿಯನ್ನು ಅವನ ತಲೆ ಮೇಲೆ ಬೀಸಿದಳು. ಎಳೆದು ನೆಲಕ್ಕೆ ಕೆಡವಿದಳು. ಅರಿವೆ ಒಗೆಯುವ ಬಡಿಗೆ ಅಲ್ಲೇ ಬಿದ್ದಿತ್ತು. ಬೆನ್ನು, ಸೊಂಟ, ಮೊಣಕಾಲು, ಸಿಕ್ಕಲ್ಲಿ ಬಡಿದಳು. ಒಳಗಿನಿಂದ ಬಂದದ್ದು ಬರೀ ಮುಲುಕಾಟ.

“ಏ ಬಿಡಬೇ, ಸತ್ತಾನು!” ಕಾಳಪ್ಪ ಕಿರುಚಿದ.

“ಯಾರು, ಬೀಗರ? ನಿಮಗೇನರ ಕಂಡತೇನು? ನನಗ ಬರೇ ಕೌದಿ ಕಾಣಾಕತ್ತೈತಿ.”

ಯಾರೂ ಹತ್ತಿರ ಹೋಗಲಿಲ್ಲ. ಬಡಿಗೆ ಹಿಡಿದು ನಿಲ್ಲಿಸಿದವಳು ಸುರೇಖಾ. “ಸಾಕಬೇ. ಅವಗ ಜೀವ ಇರ್ಲಿ. ಕೋರ್ಟಿನ್ಯಾಗ ಎಲ್ಲಾರ ಮುಂದ ನಾನ ಹೇಳ್ತೇನಿ.”

ಈಗ ಅಮಿತನ ಮೇಲೊಂದು ಕೇಸು, ಗುಂಡವ್ವನ ಮೇಲೊಂದು. ಅವಳ ವಿರುದ್ಧ ಸಾಕ್ಷಿಗೆ ಇಡೀ ಓಣಿ ಸಾಲು ನಿಂತಿದೆ. ಎಲ್ಲರೂ ಕಂಡಿದ್ದಾರೆ, ಎಲ್ಲರೂ ಕೇಳಿದ್ದಾರೆ. ಸುರೇಖಾಳ ಪರ ಇರುವುದು ಆ ಕೌದಿ ಒಂದೇ. ತೇಪೆ ಹಾಕದೆ, ಹರುಕಿನ ಸಮೇತ, ಗುಂಡವ್ವ ಅದನ್ನು ಠಾಣೆಗೆ ಒಪ್ಪಿಸಿದ್ದಾಳೆ.